ಕರಗಿದ ಎರಡು ಇಂಚು

ದರ್ಜಿಯ ಲಿವರಿನಲ್ಲಿ ಕೊಬ್ಬು ಕೂತಿದೆ, ಮೈ ಇಳಿಸಲೇಬೇಕು ಎಂದು ಡಾಕ್ಟರು ಹೇಳಿದ ದಿನವೇ ಅವನ ಹೆಂಡತಿ ಬಾಣಲೆಯನ್ನು ಅಟ್ಟಕ್ಕೇರಿಸಿದಳು. ಮೂರು ಹೊತ್ತೂ ಬೇಯಿಸಿದ ತರಕಾರಿ, ಬೆಳಿಗ್ಗೆ ಒಂದು ಗಂಟೆ ನಡಿಗೆ. ಸೊಂಟ ಎರಡು ಇಂಚು ಇಳಿದರೆ ಕರಿದದ್ದು ಮಾಡಿಕೊಡುತ್ತೇನೆ ಎಂದು ಮಾತನ್ನೂ ಕೊಟ್ಟಳು.

ಇಳಿಯುವುದು ಎಲ್ಲಿಂದ ಬಂತು? ನಡೆಯಲು ಹೊರಟ ಮಹಾಶಯ ಬೇಕರಿಯ ಬೆಂಚಿನವರೆಗೆ ನಡೆದು, ಅಲ್ಲೇ ಕೂತು ಬೆಣ್ಣೆ ಬಿಸ್ಕತ್ತು ಮುಗಿಸಿ ಬರುತ್ತಿದ್ದ. ಊರವರ ಸೊಂಟವನ್ನೆಲ್ಲ ನೂಲೆಳೆಯಷ್ಟೂ ತಪ್ಪದೆ ಅಳೆಯುವವನಿಗೆ ತನ್ನ ನಾಲಿಗೆಯ ಅಳತೆ ಮಾತ್ರ ಸಿಕ್ಕಿರಲಿಲ್ಲ. ಎಂಟನೇ ದಿನ ತಡೆಯಲಾರದೆ ಪ್ಯಾಂಟಿನ ಹಿಂದಿನ ಹೊಲಿಗೆ ಬಿಚ್ಚಿದ. ಒಳಗೆ ಮಡಚಿಟ್ಟಿದ್ದ ಬಟ್ಟೆಯಿಂದ ಎರಡಿಂಚು ಸಡಿಲ ಮಾಡಿ, ಮತ್ತೆ ಹೊಲಿದು, ಇಸ್ತ್ರಿ ಹಾಕಿ ತೊಟ್ಟುಕೊಂಡ.

ಜಾರುವ ಪ್ಯಾಂಟು ಕಂಡು ಹೆಂಡತಿಗೆ ಸ್ವರ್ಗ ಮೂರೇ ಗೇಣು. ಬಾಣಲೆ ಇಳಿಸಿ, ತೊಳೆದು, ಎಣ್ಣೆ ಕಾಯಲಿಟ್ಟಳು. ದರ್ಜಿ ತಟ್ಟೆ ಹಾಕಿಕೊಂಡು ಕೂತೂಬಿಟ್ಟ. ಅಷ್ಟರಲ್ಲಿ ಪಕ್ಕದಂಗಡಿಯ ಕ್ಷೌರದವನು ಬಂದ. ಕಂಡವರ ಮನೆ ವಿಷಯಕ್ಕೆ ಮೂಗು ತೂರಿಸದಿದ್ದರೆ ಅವನಿಗೆ ತಿಂದದ್ದು ಅರಗುವುದಿಲ್ಲ.

"ಎಂಟೇ ದಿನಕ್ಕೆ ಎರಡಿಂಚಾ? ಅತ್ತಿಗೆ, ಇದು ಒಳ್ಳೇದಲ್ಲ. ಒಳಗೆ ಬೇರೆ ಏನೋ ಇರುತ್ತೆ."

ಅವಳು ಒಲೆ ಆರಿಸಿ, ಗಂಡನ ಕೈ ಹಿಡಿದು ಡಾಕ್ಟರ ಬಳಿಗೆ ಎಳೆದುಕೊಂಡು ಹೋದಳು.

ತೂಕ ಒಂದು ಕೆ.ಜಿ. ಹೆಚ್ಚಾಗಿತ್ತು. ಡಾಕ್ಟರು ಹುಬ್ಬು ಗಂಟಿಕ್ಕಿ, ಸೊಂಟ ಅಳೆಯಲು ದರ್ಜಿಯ ಕೊರಳಲ್ಲಿದ್ದ ಟೇಪಿಗೇ ಕೈ ಚಾಚಿದರು. ಕಳ್ಳತನ ಬಯಲಾದರೆ ಬಾಣಲೆ ಮತ್ತೆ ಅಟ್ಟಕ್ಕೆ. ದರ್ಜಿ ಟೇಪನ್ನು ತಾನೇ ಸುತ್ತಿಕೊಂಡು, ಉಸಿರು ಬಿಗಿಹಿಡಿದು, ಮೂವತ್ತೆಂಟು, ಮೊದಲು ನಲವತ್ತಿತ್ತು ಎಂದು ಸುಳ್ಳು ಬಿಟ್ಟ. ದರ್ಜಿ ಹೇಳಿದ ಅಳತೆಯನ್ನು ಅನುಮಾನಿಸುವವರು ಯಾರು?

"ಏನೂ ಅಪಾಯ ಇಲ್ವಾ ಸಾರ್?" ಎಂದಳು ಹೆಂಡತಿ, ಅಳು ಒತ್ತಿಹಿಡಿದು.

"ಅಪಾಯ ಎಲ್ಲಿ ಬಂತಮ್ಮ? ಸೊಂಟ ಇಳಿದಿದೆ, ತೂಕ ಏರಿದೆ. ಕೊಬ್ಬು ಕರಗಿ ಮೈ ಗಟ್ಟಿಯಾಗ್ತಾ ಇದೆ. ನಿಮ್ಮ ಪಥ್ಯ ಇಷ್ಟು ಚೆನ್ನಾಗಿ ಹಿಡಿಸಿದವರನ್ನ ನಾನು ನೋಡೇ ಇಲ್ಲ. ಇದನ್ನೇ ಒಂದು ವರ್ಷ ಬಿಡದೆ ಮುಂದುವರಿಸಿ. ನಡಿಗೆ ಎರಡು ಗಂಟೆ ಮಾಡಿ."

ಹೆಂಡತಿಯ ಮುಖ ಅರಳಿತು. "ಪಾಪ, ಒಬ್ಬರೇ ಎಷ್ಟು ದಿನ ನಡೀತಾರೆ? ನಾಳೆಯಿಂದ ನಾನೂ ಜೊತೇಲಿ ಹೋಗ್ತೀನಿ ಸಾರ್."

ದರ್ಜಿ ಎರಡೂ ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು ತಲೆಯಾಡಿಸಿದ.