ಎಂಜಿನ್ನಿಗೆ ಹೋಳಿಗೆ ಕಣಕ

“ಒಂದು ಸೆನ್ಸರ್ ಬದಲಾಯಿಸೋಕೆ ಮೆಕ್ಯಾನಿಕ್ ಬೇಕಾ? ನಿನ್ನ ಹೋಳಿಗೆ ಬೇಯೋದರೊಳಗೆ ಕಾರು ರೆಡಿ!”

ಲಿಟಲ್ ಎಲ್ಮ್ ಊರಿನ ಮನೆಯ ಗ್ಯಾರೇಜಿನಲ್ಲಿ ನಿಂತು ರಘುನಂದನ ಹೀಗೆ ಘೋಷಿಸಿದಾಗ ಹೆಂಡತಿ ಸುಚೇತಾಳ ಎದೆ ಧಸಕ್ಕೆಂದಿತು. ನಾಲ್ಕೈದು ಗಂಟೆ ದಾರಿಯ ಹ್ಯೂಸ್ಟನ್ನಿನಲ್ಲಿ ಸಂಜೆ ಯುಗಾದಿ ಕಾರ್ಯಕ್ರಮ, ಅಲ್ಲಿ ಅವಳ ಮೊದಲ ಗಾಯನ. ಎದುರು ಸಾಲಿನಲ್ಲೇ ಕೂತು ಕೇಳುತ್ತೇನೆಂದು ಅವನು ಮಾತು ಕೊಟ್ಟಿದ್ದ. ಮನೆಯ ಇನ್ನೊಂದು ಕಾರು ಆಸ್ಟಿನ್ನಿನಲ್ಲಿ ಓದುವ ಮಗಳು ಗಾರ್ಗಿಯ ಬಳಿ. ಉಳಿದಿದ್ದರಲ್ಲಿ ಬೆಳಿಗ್ಗೆಯಿಂದ ಎಂಜಿನ್ ಕೆಟ್ಟಿದೆಯೆನ್ನುವ ದೀಪ ಹೊತ್ತಿಕೊಂಡಿತ್ತು.

“ರೀ, ನಾಳೆ ಮಾಡಿದ್ರಾಗಲ್ವಾ?”

“ದಾರೀಲಿ ಕೆಟ್ಟು ನಿಂತ್ರೆ ಹೈವೇ ಮೇಲೆ ಹಾಡ್ತೀಯಾ?”

ವಿಡಿಯೊ ನೋಡಿ ಕಲಿತ ವಿದ್ವಾಂಸ ಹಳೇ ಸೆನ್ಸರಿಗೆ ಇಕ್ಕಳ ಹಾಕಿ ಎಳೆದ. ಟಪ್! ಸೆನ್ಸರಿನ ತಲೆ ಕೈಗೆ ಬಂತು, ಬಾಲ ಚೂರುಚೂರಾಗಿ ಎಂಜಿನ್ನಿನ ಹೊಟ್ಟೆ ಸೇರಿತು. ಚೂರು ಒಳಗಿರುವಾಗ ಸ್ಟಾರ್ಟ್ ಮಾಡಿದರೆ ಎಂಜಿನ್ನಿನ ಕಥೆ ಮುಗಿಯಿತು. ಆಯಸ್ಕಾಂತ ಇಳಿಬಿಟ್ಟ. ಕಪ್ಪು ಪ್ಲಾಸ್ಟಿಕ್ ಚೂರುಗಳು ಅದಕ್ಕೆ ಕ್ಯಾರೇ ಎನ್ನಲಿಲ್ಲ.

ತಲೆ ಕೆರೆಯುತ್ತ ಒಳಗೆ ಬಂದಾಗ ಅಡುಗೆಮನೆಯಲ್ಲಿ ಎಣ್ಣೆಯಲ್ಲಿ ನೆನೆಯುತ್ತಿದ್ದ ಹೋಳಿಗೆಯ ಕಣಕ ಅವನ ಕಣ್ಣಿಗೆ ಬಿತ್ತು. ಆಹಾ, ಎಂಥ ಅಂಟು! ಒಂದು ಮುದ್ದೆ ಕಿತ್ತುಕೊಂಡು ಓಡಿದ.

“ಅಯ್ಯೋ, ಮಡೀಲಿ ಕಲಸಿದ್ದು ಕಣ್ರೀ!”

“ಎಂಜಿನ್ನಿಗೂ ಹಬ್ಬ ಬೇಡ್ವೇನೇ?”

ಬಿದಿರುಕಡ್ಡಿಯ ತುದಿಗೆ ಕಣಕ ಮೆತ್ತಿ ತೂತಿನೊಳಗೆ ಇಳಿಸಿದ. ಪವಾಡ! ಚೂರುಗಳು ಒಂದೊಂದಾಗಿ ಅಂಟಿಕೊಂಡು ಬಂದವು. ಕೊನೆಯ ಬಾರಿ ಎತ್ತುವಾಗ ಮಾತ್ರ ಕಡ್ಡಿ ಜಾರಿತು. ಕಣಕದ ಅರ್ಧ ಕೈಗೆ ಮೆತ್ತಿಕೊಂಡಿತು, ಅರ್ಧ ಒಳಗೆ ಬಿತ್ತು. “ಥತ್!” ಎಂದು ಅದೇ ಕೈಯಲ್ಲಿ ಹಣೆ ಚಚ್ಚಿಕೊಂಡ. ಬಿದ್ದ ಕಣಕವನ್ನು ಹೊರತೆಗೆಯಲು ಮತ್ತಷ್ಟು ಕಣಕ ಬೇಕಾಯಿತು. ಸುಚೇತಾ ಪಾತ್ರೆಗೆ ಮುಚ್ಚಳ ಹಾಕಿ ಅದರ ಮೇಲೆ ರುಬ್ಬುಗುಂಡು ಇಟ್ಟಳು.

ಬಂದ ಚೂರುಗಳನ್ನು ಜೋಡಿಸಿ ನೋಡಿದರೆ ಸೆನ್ಸರಿನ ಬಾಲದಲ್ಲಿ, ಕಂಪನಿ ನಂಬರ್ ಇರಬೇಕಾದ ಕಡೆ, ತೊಗರಿಬೇಳೆಯಷ್ಟು ಜಾಗ ಖಾಲಿ! ಅದು ಸಿಗದೆ ಗ್ಯಾರೇಜು ಬಿಡೆನೆಂದು ಕಣ್ಣು ಎಂಜಿನ್ನಿಗೆ ಕೀಲಿಸಿ ಕೂತ. ಹೊರಡುವ ಹೊತ್ತು ಮೀರಿತು. ಕೊನೆಗೆ ಪಕ್ಕದ ಮನೆಯ ಪ್ರಹ್ಲಾದ್ ಅಂಕಲ್ ತಮ್ಮ ವ್ಯಾನಿನಲ್ಲಿ ಸುಚೇತಾಳನ್ನೂ ಹೋಳಿಗೆಯನ್ನೂ ಕರೆದೊಯ್ಯಲು ಬಂದರು. ರಘುನಂದನನ ಮುಖ ನೋಡಿದ್ದೇ ಅವರ ಕಣ್ಣು ತುಂಬಿತು.

“ಇಷ್ಟೊಂದು ತಾಪತ್ರಯದಲ್ಲೂ ಬಿಡಲಿಲ್ಲವಲ್ಲಪ್ಪ! ದೊಡ್ಡ ಮನುಷ್ಯ ನೀನು.”

“ಹಿಡಿದದ್ದು ಬಿಡೋ ಜಾಯಮಾನವೇ ಅಲ್ಲ ಅಂಕಲ್!” ರಘುನಂದನ ಎದೆಯುಬ್ಬಿಸಿದ. ಬೈಯಲು ಬಾಯಿ ತೆರೆದಿದ್ದ ಸುಚೇತಾ ಕೂಡ ಅವನನ್ನು ನೋಡಿ ಮೆತ್ತಗಾಗಿ ವ್ಯಾನು ಹತ್ತಿದಳು.

ಅವನು ಮತ್ತೆ ಎಂಜಿನ್ನಿಗೆ ತಲೆ ತೂರಿಸಿದ. ಟಾರ್ಚು ಬಿಟ್ಟ, ಕ್ಯಾಮೆರಾ ಬಿಟ್ಟ, ಕಡೆಗೆ ಬೇಡಿಕೊಂಡೂ ನೋಡಿದ. ಚೂರು ಇಲ್ಲ! ಸಂಜೆ ವೇದಿಕೆಯ ಹಿಂದಿನಿಂದ ಸುಚೇತಾ ವಿಡಿಯೊ ಕಾಲ್ ಮಾಡಿದಳು. ರೇಷ್ಮೆ ಸೀರೆ, ಮುಡಿಯಲ್ಲಿ ಮಲ್ಲಿಗೆ.

“ಎದುರು ಸಾಲಲ್ಲಿ ನಿಮ್ಮ ಕುರ್ಚಿ ಖಾಲಿ ಇದೆ ಕಣ್ರೀ. ಆದ್ರೂ ಕೋಪ ಇಲ್ಲ. ನಂಗೋಸ್ಕರ ಪೂಜೆ ಮಾಡಿ ಅಂಗಾರ ಬೇರೆ ಇಟ್ಕೊಂಡಿದ್ದೀರಲ್ಲ. ಮದುವೆಯಾದ ಮೇಲೆ ಇದೇ ಮೊದಲು!”

“ಅಂಗಾರಾನಾ? ನಾನೆಲ್ಲಿ ಪೂಜೆ ಮಾಡಿದೆ?”

“ಮತ್ತೆ ಹಣೆ ಮೇಲಿರೋ ಕಪ್ಪು ಬೊಟ್ಟು? ಪ್ರಹ್ಲಾದ್ ಅಂಕಲ್ ದಾರಿಯುದ್ದಕ್ಕೂ ನಿಮ್ಮನ್ನೇ ಹೊಗಳಿದ್ರು. ಸ್ವಲ್ಪ ಫೋನ್ ಹತ್ರ ಹಿಡೀರಿ...”

ಅವನು ಹಣೆಯ ಹತ್ತಿರಕ್ಕೆ ಫೋನ್ ಹಿಡಿದ. ಸುಚೇತಾಳ ಗಾಯಕಿಯ ಕಂಠ ಗ್ಯಾರೇಜು ತುಂಬ ಮೊಳಗಿತು:

“ರೀ! ದೇವರ ಅಂಗಾರದ ಮೇಲೆ ಕಂಪನಿ ನಂಬರ್ ಯಾಕ್ರೀ ಅಚ್ಚಾಗಿದೆ?”