ಟಣ್ ಎಂದ ಟಾಫಿ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಹಿರಿಯರು ಹೇಳಿಹೋಗಿದ್ದಾರೆ. ಆದರೆ ಊಟಕ್ಕೂ ಮಾತಿಗೂ ದೇವರು ಕೊಟ್ಟಿರುವುದು ಒಂದೇ ಬಾಯಿ. ಎರಡೂ ಒಂದೇ ಹೊತ್ತಿಗೆ ಅದೇ ಬಾಯನ್ನು ಬೇಡಿದರೆ ಏನು ಮಾಡಬೇಕು ಎಂಬುದನ್ನು ಮಾತ್ರ ಯಾವ ಹಿರಿಯರೂ ಹೇಳಲಿಲ್ಲ. ಹೇಳಿದ್ದರೆ ಈ ಸಂಕ್ರಾಂತಿಯ ಮರುದಿನ ನನಗಾದದ್ದು ಆಗುತ್ತಿರಲಿಲ್ಲ.

ಊಟದ ವಿಷಯದಲ್ಲಿ ನಾನು ದಡ್ಡನೆಂದು ಒಪ್ಪಿಕೊಳ್ಳುತ್ತೇನೆ. ಮಾತಿನಲ್ಲಿ ಹಾಗಲ್ಲ. ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಮೂವತ್ತನಾಲ್ಕು ವರ್ಷ ದುಡಿದವನು ನಾನು. ನನ್ನ ಮೇಜಿಗೆ ಬಂದ ಕಷ್ಟದ ಫೈಲನ್ನು ಸಿಹಿ ಮಾತಿನಲ್ಲಿ ಪಕ್ಕದ ಮೇಜಿಗೆ ದಾಟಿಸುವುದನ್ನು ನೋಡಿಯೇ ಕಲಿಯಬೇಕು. ದೆಹಲಿಯ ಆರ್.ಕೆ.ಪುರಂನ ಕ್ವಾರ್ಟರ್ಸ್ ಬಿಟ್ಟು ದ್ವಾರಕಾದ ಈ ಫ್ಲ್ಯಾಟಿಗೆ ಬಂದು ಹನ್ನೊಂದು ವರ್ಷವಾಯಿತು. ಎರಡು ವರ್ಷಕ್ಕೊಮ್ಮೆ ಸೊಸೈಟಿಗೆ ಹೊಸ ಸೆಕ್ರೆಟರಿ ಬೇಕಾಗುತ್ತದೆ, ಪ್ರತಿ ಸಲವೂ ನನ್ನ ಹೆಸರು ಬರುತ್ತದೆ, ಪ್ರತಿ ಸಲವೂ ನಾನು ಬಾಯಿಂದಲೇ ಪಾರಾಗಿದ್ದೇನೆ. ಒಮ್ಮೆ ಮಗಳ ಪರೀಕ್ಷೆ, ಒಮ್ಮೆ ಮೊಣಕಾಲು, ಉಳಿದಂತೆ ಆಫೀಸು. ಸೆಕ್ರೆಟರಿಯ ಪಾಡು ತಿಳಿಯಬೇಕಿದ್ದರೆ ನಮ್ಮ ಖುರಾನಾ ಸಾಹೇಬರನ್ನು ನೋಡಬೇಕು. ಎರಡು ವರ್ಷದ ಹಿಂದೆ ದುಂಡುದುಂಡಾಗಿ ನಗುತ್ತಿದ್ದ ಮನುಷ್ಯ. ಟ್ಯಾಂಕಿನ ನೀರು, ಲಿಫ್ಟು, ಪಾರ್ಕಿಂಗು, ನಾಯಿಗಳು ಎಂದು ಓಡಾಡಿ ಓಡಾಡಿ ಈಗ ಯಾರ ಫೋನು ಬಡಿದುಕೊಂಡರೂ ಇವರು ಎದ್ದು ನಿಲ್ಲುತ್ತಾರೆ.

ಈ ಸಲ ನನ್ನ ತೊಂದರೆ ಏನೆಂದರೆ, ಅಕ್ಟೋಬರಿನಲ್ಲಿ ನಾನು ನಿವೃತ್ತನಾಗಿದ್ದೆ. ನಿವೃತ್ತನನ್ನು ಕಂಡ ಸೊಸೈಟಿಗೆ, ಮದುವೆ ವಯಸ್ಸಿನ ಹುಡುಗನನ್ನು ಕಂಡ ಸೋದರತ್ತೆಗೆ ಆಗುವಷ್ಟೇ ಸಂತೋಷವಾಗುತ್ತದೆ. ಖುರಾನಾ ಬೆಳಗಿನ ವಾಕಿಂಗಿನಲ್ಲಿ ನನ್ನ ಹೆಗಲ ಮೇಲೆ ಕೈ ಹಾಕಲು ಶುರುಮಾಡಿದರು. ನನ್ನ ಹೆಂಡತಿ ವಿಮಲಾ ಬಾಲ್ಕನಿಯಿಂದ ಆ ಕೈಯನ್ನು ನೋಡಿದಳು.

"ನೋಡಿ, ಅವರು ಬಲೆ ಹಿಡ್ಕೊಂಡು ಕೂತಿದಾರೆ. ನೀವು ಹೂಂ ಅಂದ್ರೋ, ನಮ್ಮ ಬಾದಾಮಿಗೆ ಎಳ್ಳುನೀರು ಬಿಟ್ಟ ಹಾಗೇನೇ" ಎಂದಳು.

ಬಾದಾಮಿ ಎಂದರೆ ಊರು. ವಿಜಯಪುರದಲ್ಲಿ ಅವಳ ಅಕ್ಕ ಇದ್ದಾರೆ. ಅಕ್ಕನ ಜೊತೆ ಬಾದಾಮಿ, ಐಹೊಳೆ, ಪಟ್ಟದಕಲ್ಲು ಎಲ್ಲ ನಿಧಾನಕ್ಕೆ ನೋಡಬೇಕು, ಎರಡು ತಿಂಗಳು ಅಲ್ಲೇ ಇರಬೇಕು ಎನ್ನುವುದು ಅವಳ ಬಹಳ ಹಳೆಯ ಆಸೆ. 'ಮುಂದಿನ ವರ್ಷ ಖಂಡಿತ' ಎಂದು ನಾನು ಎಷ್ಟು ವರ್ಷ ಹೇಳಿದ್ದೇನೋ ಲೆಕ್ಕವಿಲ್ಲ. ನಿವೃತ್ತಿಯ ದಿನ ಹಾರ ಹಾಕಿಸಿಕೊಂಡು ಬಂದವನೇ ಅವಳ ಕೈ ಹಿಡಿದು, ಈ ಮಾರ್ಚಿಗೆ ಹೊರಟೇಬಿಡೋಣ ಎಂದು ಮಾತು ಕೊಟ್ಟಿದ್ದೆ. ಸೆಕ್ರೆಟರಿಯಾದವನಿಗೆ ಎರಡು ತಿಂಗಳಿರಲಿ, ಎರಡು ದಿನವೂ ಊರು ಬಿಡುವುದು ಸಾಧ್ಯವಿಲ್ಲ.

ಹಾಗಾಗಿ ಈ ಸಲ ಬರಿಯ ಬಾಯಿಮಾತು ಸಾಲದು, ಮೊದಲು ಎಲ್ಲರ ಬಾಯಿ ಸಿಹಿ ಮಾಡಿ ಆಮೇಲೆ ಕೈಮುಗಿದು ಒಲ್ಲೆ ಎನ್ನಬೇಕು ಎಂದುಕೊಂಡೆ. ವಾರ್ಷಿಕ ಸಭೆ ಸಂಕ್ರಾಂತಿಯ ಮರುದಿನ ಭಾನುವಾರವೇ ಬಿದ್ದಿತ್ತು. ಎಳ್ಳುಬೆಲ್ಲ ಹಂಚಬಹುದಿತ್ತು, ಆದರೆ ಹಿಂದೊಮ್ಮೆ ಹಂಚಿದ್ದಕ್ಕೆ ಭಾಟಿಯಾ ಮೇಡಂ ಮರುದಿನ ಲಿಫ್ಟಿನಲ್ಲಿ ಸಿಕ್ಕಿ, "ಭಾಯಿಸಾಬ್, ಥೋಡಾ ಪ್ಯಾಜ್, ಥೋಡಾ ನಿಂಬೂ ಡಾಲಾ, ಮಜಾ ಆ ಗಯಾ!" ಎಂದಿದ್ದರು. ಈರುಳ್ಳಿ, ನಿಂಬೆಹಣ್ಣು ಬಿದ್ದ ಎಳ್ಳುಬೆಲ್ಲವನ್ನು ಕಲ್ಪಿಸಿಕೊಂಡು ವಿಮಲಾ ಆ ದಿನ ಸರಿಯಾಗಿ ಊಟ ಮಾಡಲಿಲ್ಲ. ಅಂದಿನಿಂದ ಎಳ್ಳುಬೆಲ್ಲ ಮನೆಮಟ್ಟಿಗೆ.

ನೋಯ್ಡಾದಲ್ಲಿ ಕೆಲಸದಲ್ಲಿರುವ ಮಗಳು ಅದಿತಿಗೆ ಫೋನು ಮಾಡಿದೆ. ಅವಳು ಬಾದಾಮಿ ಗೋಡಂಬಿಯ ಟಾಫಿ ಮಾಡುವ ಒಂದು ವಿಡಿಯೋ ಕಳಿಸಿದಳು. "ಅಪ್ಪಾ, ಬಿಲ್ಕುಲ್ ಈಜಿ ಇದೆ. ಸಕ್ಕರೆ ಮೆಲ್ಟ್ ಮಾಡು, ಬಟರ್ ಹಾಕು, ನಟ್ಸ್ ಹಾಕು, ಬಸ್, ಖತಮ್" ಎಂದಳು. ವಿಡಿಯೋದ ಹೆಂಗಸು ಪಾಕಕ್ಕೆ ಉದ್ದನೆಯ ಥರ್ಮಾಮೀಟರ್ ಇಟ್ಟು ನೋಡುತ್ತಿದ್ದಳು. ನಮ್ಮ ಮನೆಯಲ್ಲಿದ್ದದ್ದು ಜ್ವರ ನೋಡುವುದು. ನಾನು ಅದರ ಡಬ್ಬಿ ಹುಡುಕುತ್ತಿರುವುದು ಹೇಗೋ ಒಳಗಿನ ಕೋಣೆಯಲ್ಲಿ ನೆಗಡಿಯಾಗಿ ರಜಾಯಿ ಹೊದ್ದು ಮಲಗಿದ್ದ ವಿಮಲಾಗೆ ಗೊತ್ತಾಯಿತು.

"ರೀ! ಅದನ್ನ ಮುಟ್ಟಿದ್ರೆ ನೋಡಿ ಮತ್ತೆ! ಪಾಕಕ್ಕೆ ಯಾರಾದ್ರೂ ಜ್ವರ ನೋಡ್ತಾರಾ? ಒಂದು ಬಟ್ಟಲಲ್ಲಿ ತಣ್ಣೀರು ಇಟ್ಕೊಳ್ಳಿ. ಅದಕ್ಕೆ ಒಂದು ಹನಿ ಪಾಕ ಬಿಡಿ. ಉಂಡೆ ಮಾಡಿ ತಟ್ಟೆಗೆ ಹೊಡೆದ್ರೆ ಟಣ್ ಅನ್ನಬೇಕು. ಟಣ್ ಅನ್ನೋವರೆಗೂ ಇಳಿಸಬೇಡಿ."

ಇದಕ್ಕಿಂತ ಸರಳವಾದ ಸರ್ಕಾರಿ ಆದೇಶವನ್ನು ನನ್ನ ಸರ್ವೀಸಿನಲ್ಲೇ ನಾನು ಕಂಡಿರಲಿಲ್ಲ. ನಲ್ಲಿಯಿಂದ ಒಂದು ಬಟ್ಟಲು ನೀರು ಹಿಡಿದೆ. ಜನವರಿಯಲ್ಲಿ ನಮ್ಮ ಓವರ್‌ಹೆಡ್ ಟ್ಯಾಂಕಿನ ನೀರು ಮುಟ್ಟಿದರೆ ಬೆರಳು ನಮ್ಮದೋ ಪಕ್ಕದವರದೋ ತಿಳಿಯುವುದಿಲ್ಲ. ಸಕ್ಕರೆ, ಬೆಣ್ಣೆ, ಚೂರು ನೀರು ಬಾಣಲೆಯಲ್ಲಿ ಕುದಿಯತೊಡಗಿದವು. ಐದಾರು ನಿಮಿಷಕ್ಕೇ ಒಂದು ಹನಿ ಬಿಟ್ಟು, ಉಂಡೆ ಮಾಡಿ, ತಟ್ಟೆಗೆ ಹೊಡೆದೆ. ಟಣ್!

"ಇಷ್ಟು ಬೇಗನಾ?" ಒಳಗಿನಿಂದ ಅನುಮಾನದ ಧ್ವನಿ ಬಂತು. "ಬಣ್ಣ ತಿರುಗಿದೆಯಾ?"

"ಟಣ್ ಅಂತು ಕಣೇ, ನೀನೂ ಕೇಳಿಸ್ಕೊಂಡೆಯಲ್ಲ!"

ಬಣ್ಣ ತಿರುಗಿರಲಿಲ್ಲ. ಆದರೆ ಆದೇಶದಲ್ಲಿ ಬಣ್ಣದ ಪ್ರಸ್ತಾಪ ಇರಲಿಲ್ಲವಲ್ಲ. ಹುರಿದ ಬಾದಾಮಿ ಗೋಡಂಬಿ ಸುರಿದು, ತುಪ್ಪ ಸವರಿದ ತಟ್ಟೆಗೆ ಹರಡಿ, ಚಾಕುವಿನಿಂದ ಗೆರೆ ಎಳೆದು ಬಾಲ್ಕನಿಯಲ್ಲಿಟ್ಟೆ. ಬೆಳಗ್ಗೆ ನೋಡಿದರೆ ಗೆರೆಗೆ ಸರಿಯಾಗಿ ಟಕ್ ಟಕ್ ಎಂದು ಮುರಿಯಿತು. ಅಹಾ, ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ನೆಗಡಿ ಬಿಟ್ಟ ಮೇಲೆ ತಿನ್ನಲೆಂದು ವಿಮಲಾಗೆ ಎರಡು ತುಂಡು ತೆಗೆದಿಟ್ಟು, ಉಳಿದದ್ದನ್ನು ಡಬ್ಬಿಗೆ ತುಂಬಿಕೊಂಡು ಹೊರಟೆ. ಬಾಗಿಲಲ್ಲಿ ಅವಳು, "ಮೊದಲನೇ ಮಾತೇ ಇಲ್ಲ ಅಂತಿರಲಿ, ಆಯ್ತಾ?" ಎಂದಳು. ಆಗಲಿ ಎಂದೆ.

ಸಭೆ ಪಾರ್ಕಿನ ಬಿಸಿಲಿನಲ್ಲಿ, ಪ್ಲಾಸ್ಟಿಕ್ ಕುರ್ಚಿಗಳ ಮೇಲೆ. ನಾನು ಎಲ್ಲರಿಗೂ ಟಾಫಿ ಹಂಚಿ ಒಂದು ದಪ್ಪ ತುಂಡನ್ನು ನನ್ನ ಬಾಯಿಗೂ ಹಾಕಿಕೊಂಡೆ. ಖುರಾನಾ ಒಬ್ಬರೇ, "ಶುಗರ್ ಹೈ, ಮೂರ್ತಿಜೀ" ಎಂದು ತಮ್ಮ ಪಾಲನ್ನು ಕೋಟಿನ ಜೇಬಿಗೆ ಇಳಿಸಿದರು. ಮೊದಲು ಎಲ್ಲರೂ "ವಾಹ್, ವಾಹ್" ಎಂದರು. ಅರ್ಧ ನಿಮಿಷ ಕಳೆಯಿತು. ಬಾಯಿಯ ಬಿಸಿ ತಾಗಿದ್ದೇ ತಡ, ಕಲ್ಲಿನಂತಿದ್ದ ಟಾಫಿ ಅಂಟಾಯಿತು. ಮೇಲಿನ ಹಲ್ಲನ್ನೂ ಕೆಳಗಿನ ಹಲ್ಲನ್ನೂ ಹಿಡಿದುಕೊಂಡಿತು. ನಾಯಿಗಳ ವಿಷಯಕ್ಕೆ ಪ್ರತಿ ವರ್ಷ ಅರ್ಧ ಗಂಟೆ ತೆಗೆದುಕೊಳ್ಳುವ ಭಾಟಿಯಾ ಮೇಡಂ ಎದ್ದು ನಿಂತು, "ಯೇ ಜೋ ಕುತ್ತೇ..." ಎಂದವರು ಅಲ್ಲಿಗೇ ನಿಂತುಹೋದರು. ಹಿರಿಯರೊಬ್ಬರು ಹಲ್ಲಿನ ಸೆಟ್ಟನ್ನು ಎರಡೂ ಕೈಯಿಂದ ಕಾಪಾಡಿಕೊಳ್ಳುತ್ತಿದ್ದರು. ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ನಮ್ಮ ಸಭೆಯಲ್ಲಿ ಗುಬ್ಬಚ್ಚಿಗಳ ಸದ್ದು ಕೇಳಿಸಿತು.

ಇಡೀ ಪಾರ್ಕಿನಲ್ಲಿ ಅಂಟದೆ ಉಳಿದಿದ್ದ ಬಾಯಿ ಖುರಾನಾ ಅವರದೊಂದೇ. ಅವರು ವರದಿ ಓದಿದರು, ಯಾರೂ ತಕರಾರು ಎತ್ತಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ಅಬ್ ಸೆಕ್ರೆಟರಿ ಕೇ ಲಿಯೇ ಮೂರ್ತಿಜೀ ಕಾ ನಾಮ್. ಕಿಸೀ ಕೋ ಐತ್‌ರಾಜ್?" ಎಂದರು. ಯಾರಿಗಾದರೂ ಆಕ್ಷೇಪಣೆ ಇದೆಯೇ ಎಂದು! ನನಗಿತ್ತು. "ಊಂ! ಊಂ!" ಎಂದು ಕೈಯಾಡಿಸಿದೆ. ಅದು ನನ್ನ ವಿನಯವೆಂದುಕೊಂಡರು. ದವಡೆಯನ್ನು ಎರಡೂ ಕೈಯಿಂದ ಹಿಡಿದು ಎಳೆದೆ. ನೋವಿಗೆ ಕಣ್ಣಲ್ಲಿ ನೀರು ಬಂತು. "ದೇಖಿಯೇ, ಮೂರ್ತಿಜೀ ಭಾವುಕ್ ಹೋ ಗಯೇ!" ಎಂದರು ಖುರಾನಾ. ಮೌನಂ ಸಮ್ಮತಿ ಲಕ್ಷಣಂ. ಚಪ್ಪಾಳೆ ಬಿತ್ತು, ಭಾಷಣವಾಯಿತು, ಪಂಪ್ ರೂಮಿನ ಬೀಗದ ಕೈಗೊಂಚಲು ನನ್ನ ಕೈಗೆ ಬಂತು.

ಮನೆಗೆ ಬಂದು ಎಲ್ಲವನ್ನೂ ಅಭಿನಯ ಸಮೇತ ಹೇಳಿದೆ. ವಿಮಲಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯೋ ನನ್ನ ಕರ್ಮವೇ! ಈ ಊರಿನ ಜನವರಿ ನೀರಿಗೆ ಬಿಟ್ರೆ ತುಪ್ಪಾನೂ ಟಣ್ ಅನ್ನುತ್ತೆ. ಸ್ವಲ್ಪ ಬಿಸಿನೀರು ಬೆರೆಸ್ಕೊಳ್ಳಿ ಅಂತ ನಾನಾದ್ರೂ ಹೇಳಬಾರದಿತ್ತಾ!" ಎಂದು ಅರ್ಧ ತಪ್ಪನ್ನು ತಾನೇ ಹೊತ್ತುಕೊಂಡಳು. ನನಗೆ ಹಾಯೆನಿಸಿತು. ಅಷ್ಟರಲ್ಲಿ ಅವಳ ನಗು ನಿಂತಿತು.

"ಅಲ್ಲಾ, ನಾನೂ ಒಂದು ತಿಂದೆ. ಒಲೆ ಮೇಲೆ ಹಾಲಿಟ್ಟು ಬಾಯಿಗೆ ಹಾಕ್ಕೊಂಡೆ. ಅಂಟಿದ್ದೇನೋ ಹೌದು, ಆದ್ರೆ ಹಾಲು ಉಕ್ಕೋ ಹೊತ್ತಿಗೆ ಕರಗಿಹೋಗಿತ್ತು. ಅವರು ಹೆಸರು ಹೇಳಿ, ಚಪ್ಪಾಳೆ ಹೊಡೆಸಿ, ಭಾಷಣ ಮಾಡಿ, ಬೀಗದ ಕೈ ಕೊಡೋವರೆಗೂ ನಿಮ್ಮ ಬಾಯಲ್ಲಿ ಹಾಗೇ ಇತ್ತಾ?"

ಓದುಗರಲ್ಲಿ ಮುಚ್ಚಿಟ್ಟು ಏನು ಪ್ರಯೋಜನ. ಇರಲಿಲ್ಲ. ಖುರಾನಾ ಎರಡನೇ ಸಲ "ಐತ್‌ರಾಜ್?" ಎಂದು ಕೇಳುವಾಗಲೇ ಅದು ಕರಗಿತ್ತು, ನಾಲಿಗೆ ಸರಾಗವಾಗಿ ಹೊರಳುತ್ತಿತ್ತು. ಇಲ್ಲ ಎನ್ನಲು ಬಾಯಿ ತೆರೆದೂ ಇದ್ದೆ. ಆಗ ಹಿಂದಿನ ಸಾಲಿನಿಂದ ಯಾರೋ, "ಮೂರ್ತಿ ಸರ್ ಸೇ ಅಚ್ಛಾ ಕೌನ್ ಮಿಲೇಗಾ?" ಎಂದರು, ನನಗಿಂತ ಒಳ್ಳೆಯವರು ಯಾರು ಸಿಕ್ಕಾರು ಎಂದು. ಸರ್! ಅಕ್ಟೋಬರಿನಿಂದ ಈಚೆಗೆ ನನ್ನನ್ನು ಯಾರೂ ಹಾಗೆ ಕರೆದಿರಲಿಲ್ಲ. ತರಕಾರಿ ಭಯ್ಯಾ ಅಂಕಲ್ ಎನ್ನುತ್ತಾನೆ, ಮೆಟ್ರೋದಲ್ಲಿ ಸೀಟು ಬಿಟ್ಟುಕೊಡುವವರು ತಾವೂಜೀ, ಅಂದರೆ ದೊಡ್ಡಪ್ಪ, ಎನ್ನುತ್ತಾರೆ. ಆ ಒಂದು ಶಬ್ದಕ್ಕೆ ನನ್ನ ಎದೆ ಎಷ್ಟು ಹಸಿದಿತ್ತೆಂದು ಅದು ಕಿವಿಗೆ ಬಿದ್ದಾಗಲೇ ನನಗೆ ತಿಳಿದದ್ದು. ನಾನು ಬಾಯಿ ಮುಚ್ಚಿದೆ, ಖಾಲಿ ಬಾಯನ್ನೇ ಅಗಿಯುತ್ತಾ ಕೂತೆ.

ವಿಮಲಾ ಉತ್ತರಕ್ಕೆ ಕಾದಳು. ಮೂವತ್ತನಾಲ್ಕು ವರ್ಷ ಎಲ್ಲದಕ್ಕೂ ಒಂದು ಸಬೂಬು ಹೇಳಿದ ನಾನು ಆಗ ಬೀಗದ ಕೈಗಳನ್ನು ಒಂದೊಂದಾಗಿ ಎಣಿಸತೊಡಗಿದೆ. ಅವಳು ಕೂಗಾಡಿದ್ದರೆ ಚೆನ್ನಾಗಿತ್ತು. ಸುಮ್ಮನೆ ಫೋನು ತೆಗೆದುಕೊಂಡು ವಿಜಯಪುರಕ್ಕೆ ಹಚ್ಚಿದಳು.

"ಅಕ್ಕಾ, ಮಾರ್ಚಿಗೆ ನಾನೊಬ್ಬಳೇ ಬರ್ತೀನಿ ಕಣೇ. ಇಲ್ಲ ಇಲ್ಲ, ಆರೋಗ್ಯವಾಗೇ ಇದಾರೆ. ಅವರಿಗೆ ಮತ್ತೆ ಕೆಲಸ ಸಿಕ್ಕಿದೆ, ಪಾಪ, ತುಂಬಾ ಬೇಕಾಗಿತ್ತು ಅವರಿಗೆ."

ಆ 'ಪಾಪ' ಎಂಬುದು ನನಗೆ ಚುಚ್ಚಿತು. ಫೋನು ಕಸಿದುಕೊಂಡು, ಇಲ್ಲ ಅಕ್ಕಾ, ನಾನೂ ಬರುತ್ತೇನೆ, ಬೀಗದ ಕೈಯನ್ನು ಈಗಲೇ ವಾಪಸು ಕೊಟ್ಟುಬರುತ್ತೇನೆ ಎನ್ನಬೇಕೆಂದು ನಿಜವಾಗಿಯೂ ಎದ್ದೆ. ಅಷ್ಟರಲ್ಲಿ ಕೆಳಗಿನಿಂದ ಯಾರೋ, "ಸರ್, ಲಿಫ್ಟ್ ಫಿರ್ ಅಟಕ್ ಗಯೀ!" ಎಂದು ಕೂಗಿದರು. ಲಿಫ್ಟು ಮತ್ತೆ ಸಿಕ್ಕಿಕೊಂಡಿತ್ತು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಅವಳು ತಲೆಯೆತ್ತಿ ನೋಡುವಷ್ಟರಲ್ಲಿ ನಾನು ಚಪ್ಪಲಿ ಮೆಟ್ಟಿ ಮೆಟ್ಟಿಲಿಳಿಯುತ್ತಿದ್ದೆ.