ದೆಹಲಿಗೆ ಹೋದ ನನ್ನ ಸೌತೆಕಾಯಿ ಕಥೆ

ನಾನು ಓದಿದ್ದು ಮೂರನೇ ಕ್ಲಾಸು. ಆದರೂ ಮೊಮ್ಮಗಳು ಸುಮನಳ ರಷ್ಯನ್ ಎಂ.ಎ. ನನ್ನ ಮೇಲೆಯೇ ನಿಂತಿತ್ತು. ಇದು ಜಂಬವಲ್ಲ, ಅವಳೇ ಹೇಳಿದ್ದು.

ದೆಹಲಿಯಲ್ಲಿ ಓದುತ್ತಿದ್ದ ಅವಳಿಗೆ ಒಂದು ಪ್ರಬಂಧ ಬರೆಯಲಿಕ್ಕಿತ್ತು. ರಷ್ಯದ ಅಜ್ಜಿಯರ ಕಥೆಗಳನ್ನು ನಮ್ಮ ಸುಳ್ಯದ ಅಜ್ಜಿಯರ ಕಥೆಗಳ ಪಕ್ಕ ಇಟ್ಟು ನೋಡುವುದಂತೆ.

ರಜೆಗೆ ಊರಿಗೆ ಬಂದವಳು ಹೇಳಿದಳು, "ಅಜ್ಜಿ, ಅಲ್ಲಿ ಚಳಿಗೆ ಒಲೆ ಮೇಲೆ ಮಲಗಿ ಕಥೆ ಹೇಳ್ತಾರೆ."

"ಒಲೆ ಮೇಲೆಯಾ? ಅವರಿಗೆ ಮಂಚ ಇಲ್ವಾ ಮಾರಾಯ್ತಿ?"

"ಅದು ಬಿಡಿ. ನಿಮ್ಮ ಸೌತೆಕಾಯಿ ಕಥೆ ನಂಗೆ ಟೇಪಿನಲ್ಲಿ ಬೇಕು. ಇಲ್ಲದಿದ್ರೆ ನಮ್ಮ ರಷ್ಯನ್ ಮೇಡಂ ಪಾಸು ಮಾಡುದಿಲ್ಲ. ಒಂದು ವರ್ಷ ಹೋಗ್ತದೆ."

"ಯಾಕೆ ಹೋಗುದು? ನಾನು ಸತ್ತಿದ್ದೇನಾ?"

ಶೀತಕ್ಕೆ ನನ್ನ ಗಂಟಲು ಕಟ್ಟಿದ್ದರಿಂದ ಕೆಲಸ ಅವಳು ಹೊರಡುವ ದಿನಕ್ಕೆ ಬಿತ್ತು. ಬೆಳಿಗ್ಗೆ ಅವಳು ಟೇಪು ಯಂತ್ರದ ಎರಡು ಗುಂಡಿ ಒಟ್ಟಿಗೆ ಒತ್ತಲು ಕಲಿಸಿ, ಸೋದರತ್ತೆಯ ಮನೆಗೆ ಹೇಳಿಬರಲು ಹೋದಳು. ಒತ್ತಿದೆ.

"ಒಂದೂರಲ್ಲಿ ಒಬ್ಬಳು ಮುದುಕಿ. ಅವಳಿಗೆ ಸೌತೆಕಾಯಿಯೊಳಗೆ ಮಗಳು ಸಿಕ್ಕಿದಳು."

ಯಂತ್ರ ತಿರುಗಿತು. ಮಾತಿಲ್ಲ.

ನಮ್ಮಲ್ಲಿ ಕಥೆ ಕೇಳುವವರು ಮಾತಿಗೊಮ್ಮೆ "ಹೂಂ" ಅನ್ನಬೇಕು. ಹೂಂ ನಿಂತರೆ ಕೇಳುವವರಿಗೆ ನಿದ್ದೆ ಬಂತೆಂದು ಲೆಕ್ಕ. ಕಥೆಯೂ ಅಲ್ಲಿಗೇ ಬಂದ್. ಎಷ್ಟೋ ಮಕ್ಕಳನ್ನು ಮಲಗಿಸಿದವಳು ನಾನು. ಮೊದಲ ಮಾತಿಗೇ ಮಲಗಿದವರನ್ನು ಕಂಡದ್ದು ಅಂದೇ!

ಪಕ್ಕದ ಮನೆಯ ದೇವಕಿಯನ್ನು ಕೂಗಿದೆ.

"ಅಕ್ಕ, ನಂಗೆ ರಷ್ಯನ್ ಬರುದಿಲ್ಲ."

"ಹೂಂ ಹೇಳ್ಳಿಕ್ಕೆ ಎಂತ ರಷ್ಯನ್? ಕೂತ್ಕೊ."

ನನ್ನ ಧ್ವನಿ ಹೇಗೂ ಹೊಳೆ ದಾಟುತ್ತದೆ. ಅವಳದು ಬೆಕ್ಕಿನ ಮರಿಯದು. ಹಾಗಾಗಿ ಯಂತ್ರವನ್ನು ಅವಳ ಮಡಿಲಲ್ಲಿಟ್ಟೆ. ನಾನು ಬಾಗಿಲ ಬಳಿ ಹಲಸಿನ ಸೊಳೆ ಬಿಡಿಸುತ್ತಾ ಕಥೆ ಹೇಳಿದೆ. ಎಷ್ಟು ಬುದ್ಧಿವಂತಿಕೆ!

"ಈ ಸೌತೆಕಾಯಿ ಹುಡುಗಿಯ ಅತ್ತೆ ನಮ್ಮ ನೆಲ್ಯಾಡಿ ಅತ್ತಿಗೆಯ ಹಾಗೇ ಅಲ್ವಾ ಅಕ್ಕ?" ಎಂದಳು ದೇವಕಿ ನಡುವೆ. ಕಥೆ ನೆಲ್ಯಾಡಿಗೆ ಹೋಯಿತು. ವಾಪಸ್ ಬರಲು ಬಹಳ ಹೊತ್ತು ಹಿಡಿಯಿತು.

ಮುಗಿದ ಮೇಲೆ, ನಾನು ಒಳಗೆ ಅನ್ನ ಬಸಿಯುವಾಗ, ದೇವಕಿ ತನ್ನ ಧ್ವನಿಯನ್ನು ನಾಲ್ಕು ಸಲ ಹಾಕಿ ಕೇಳಿದಳು.

ಸುಮನ ಬಂದು ಟೇಪು ಹಾಕಿದಳು. "ಹೂಂ." "ಹೂಂ!" "ಹೂಂ?" ಹಿಂದೆ ಎಲ್ಲೋ ದೂರದಲ್ಲಿ ಯಾರೋ ದನ ಅಟ್ಟುವ ಸದ್ದು. ಅದು ನಾನು!

ಸುಮನ ನೆಲದ ಮೇಲೆ ಕೂತುಬಿಟ್ಟಳು. "ಹೋಯ್ತು ಅಜ್ಜಿ, ನನ್ನ ವರ್ಷ ಹೋಯ್ತು."

"ಅಳಬೇಡ, ಇನ್ನೊಮ್ಮೆ ಹೇಳ್ತೇನೆ," ಎನ್ನುವಷ್ಟರಲ್ಲಿ ಯಂತ್ರ ಕೋಣದ ಹಾಗೆ "ಹೂಊಊ" ಎಂದು ನಿಂತಿತು. ಬ್ಯಾಟರಿ ಖಾಲಿ. ನೆಟ್ಟಣ ಸ್ಟೇಷನ್ನಿನ ರೈಲು ನನ್ನ ಕಥೆಗೆ ಕಾಯುವುದಿಲ್ಲ. ಸುಮನ ಅದೇ ಟೇಪು ಹಿಡಿದು, ಮೂಗು ಒರೆಸಿಕೊಂಡೇ ಸ್ಟೇಷನ್ನಿನ ಬಸ್ಸು ಹತ್ತಿದಳು.

ಮೂರು ತಿಂಗಳಾದ ಮೇಲೆ ಕಾಗದ ಬಂತು. ಅಕ್ಷರ ಕೂಡಿಸಿ ಓದಿದೆ. ಪಾಸು! ಮೇಡಂ ಕುಣಿದಾಡಿದರಂತೆ. ಕಥೆ ಹೇಳುವವರನ್ನು ಎಲ್ಲರೂ ರೆಕಾರ್ಡು ಮಾಡುತ್ತಾರೆ, ಕೇಳುವವಳನ್ನು ಇಷ್ಟು ಸ್ಪಷ್ಟವಾಗಿ ಯಾರೂ ಮಾಡಿಲ್ಲ, ಅದನ್ನೇ ಬರೆ ಎಂದರಂತೆ. ಪ್ರಬಂಧದಲ್ಲಿ ದೇವಕಿಯ ಹೆಸರಿನಲ್ಲಿ ಒಂದು ಇಡೀ ಅಧ್ಯಾಯ!

ನಾನೂ ಅದರಲ್ಲಿ ಇದ್ದೇನಂತೆ. ಪುಟದ ಕೆಳಗೆ, ಸಣ್ಣಕ್ಷರದಲ್ಲಿ: "ಹಿನ್ನೆಲೆಯಲ್ಲಿ ಅಸ್ಪಷ್ಟವಾಗಿ ಕೇಳಿಸುವುದು ಒಬ್ಬ ವೃದ್ಧೆಯ ಧ್ವನಿ."